ಆಸ್ಪತ್ರೆಯಲ್ಲಿ ಮಗು ಉಳಿಸಿದ ಇಂಜೆಕ್ಷನ್ ಊರಿಗೆ ಬಂದಾಗ ಏನಾಯಿತು?

ಬೈಲಹೊಂಗಲ ತಂಗಿ
ಸೋಮವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ತುಂಬಾ ಗಾಬರಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಈಗ 31 ವಾರದ ಬಸುರಿ. ಮೊನ್ನೆ ರಾತ್ರಿ ಹೊಟ್ಟೆನೋವು ಶುರುವಾಯಿತು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಸಿಸ್ಟರ್ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟು, "ಕೂಸಿನ ಶ್ವಾಸಕೋಶ ಗಟ್ಟಿ ಆಗಲಿ ಅಂತ" ಎಂದರು. ಚೀಟಿಯಲ್ಲಿ ಡೆಕ್ಸಾಮೆಥಾಸೋನ್ 6 ಎಂಜಿ ಎಂದು ಬರೆದಿತ್ತು. ಆಮೇಲೆ 108ರಲ್ಲಿ ಬೆಳಗಾವಿಗೆ ಕಳಿಸಿದರು. ಅಲ್ಲಿ 12 ಗಂಟೆಗೊಂದರಂತೆ ಇನ್ನೂ ಮೂರು ಕೊಟ್ಟರು. ನೋವು ನಿಂತಿದೆ. ವೈನಿ ಇನ್ನೂ ವಾರ್ಡ್‌ನಲ್ಲೇ ಇದ್ದಾರೆ.

ನಾನು ನರ್ಸಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಸುಮ್ನೆ ಇರಲಾಗದೆ ಮೊಬೈಲ್‌ನಲ್ಲಿ ಹುಡುಕಿದೆ. ಒಂದು ದೊಡ್ಡ ಟ್ರಯಲ್, ಅಂದರೆ ಚಿಕಿತ್ಸೆಯನ್ನು ಜನರಿಗೆ ಕೊಟ್ಟು ಹೋಲಿಸಿ ನೋಡುವ ಪರೀಕ್ಷೆ, ಸಿಕ್ಕಿತು. ನಮ್ಮ ಬೆಳಗಾವಿ ಕಡೆಯ ಹಳ್ಳಿಗಳೂ ಅದರಲ್ಲಿ ಇದ್ದವಂತೆ. ಈ ಇಂಜೆಕ್ಷನ್ ಕೊಡಿಸಿದ ಊರುಗಳಲ್ಲಿ ಶಿಶುಗಳ ಸಾವು ಜಾಸ್ತಿ ಆಯಿತು ಎಂದು ಅದರಲ್ಲಿದೆ. ನಮ್ಮ ಪಠ್ಯದಲ್ಲಿ ಇದೇ ಇಂಜೆಕ್ಷನ್ ಜೀವ ಉಳಿಸುತ್ತದೆ ಎಂದಿದೆ. ಯಾವುದನ್ನು ನಂಬಲಿ? ಅಣ್ಣನಿಗೆ ಇನ್ನೂ ಹೇಳಿಲ್ಲ. ದಯವಿಟ್ಟು ಗೊತ್ತಿರುವವರು ಹೇಳಿ.


ಎನ್‌ಐಸಿಯು ಸಿಸ್ಟರ್, ಹುಬ್ಬಳ್ಳಿ
ಸೋಮವಾರ, ರಾತ್ರಿ 10:41

ತಂಗಿ, ಮೊದಲು ಒಂದು ಲೋಟ ನೀರು ಕುಡಿ. 31 ವಾರಕ್ಕೆ ನೋವು ಬಂದರೆ, ಮಗು ನೋಡಿಕೊಳ್ಳುವ ಸೌಕರ್ಯ ಇರುವ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಕೊಡುವುದೇ ಸರಿಯಾದ ಕ್ರಮ. ಇದನ್ನು ಪಡೆಯದೆ ಬಂದ ಮಕ್ಕಳು ಉಸಿರಾಡಲು ಎಷ್ಟು ಕಷ್ಟಪಡುತ್ತವೆ ಎಂದು ನಾನು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ವಾರ್ಡ್‌ನಲ್ಲಿ, ದಿನಾ ನೋಡುತ್ತೇನೆ. ಪಕ್ಕೆ ಒಳಗೆ ಎಳೆದುಕೊಳ್ಳುತ್ತದೆ, ಪ್ರತಿ ಉಸಿರಿಗೂ ನರಳುತ್ತವೆ. ಇಂಜೆಕ್ಷನ್ ಆದ ತಾಯಂದಿರ ಮಕ್ಕಳಲ್ಲಿ ಇದು ಕಡಿಮೆ.

ನೀನು ಓದಿದ ಟ್ರಯಲ್ ಸುಳ್ಳಲ್ಲ. ಆದರೆ ಅದು ನಿಮ್ಮ ವೈನಿಯ ಪರಿಸ್ಥಿತಿಯ ಬಗ್ಗೆ ಹೇಳುತ್ತಿಲ್ಲ. ಒಂದು ಪ್ರಶ್ನೆ: 31 ವಾರ ಅಂತ ಹೇಗೆ ಗೊತ್ತಾಯಿತು? ಸ್ಕ್ಯಾನ್ ಯಾವಾಗ ಆಗಿತ್ತು?


ಬೈಲಹೊಂಗಲ ತಂಗಿ
ಸೋಮವಾರ, ರಾತ್ರಿ 10:55

ಮೂರನೇ ತಿಂಗಳಲ್ಲೇ ಸ್ಕ್ಯಾನ್ ಆಗಿದೆ ಅಕ್ಕ. ತಾಯಿ ಕಾರ್ಡ್‌ನಲ್ಲಿ ಬರೆದಿದ್ದಾರೆ.


ಎನ್‌ಐಸಿಯು ಸಿಸ್ಟರ್, ಹುಬ್ಬಳ್ಳಿ
ಸೋಮವಾರ, ರಾತ್ರಿ 10:58

ಹಾಗಾದರೆ ಇವತ್ತು ನಿದ್ದೆ ಮಾಡು. ಲೆಕ್ಕದ ಕಥೆ ಮೇಷ್ಟ್ರು ಹೇಳುತ್ತಾರೆ.


ಮೈಸೂರು ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 6:30

ತಂಗಿ, ನಿನ್ನ ಪ್ರಶ್ನೆ ತುಂಬಾ ಒಳ್ಳೆಯದು. ನಾನು ಸಂಖ್ಯಾಶಾಸ್ತ್ರ ಕಲಿಸುವವನು, ಡಾಕ್ಟರ್ ಅಲ್ಲ. ಆದರೆ ಈ ಇಂಜೆಕ್ಷನ್‌ನ ಕಥೆಯನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದು.

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯ ಕುರಿಗಳ ಹೆರಿಗೆ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಸ್ಟೆರಾಯ್ಡ್ (ಡೆಕ್ಸಾಮೆಥಾಸೋನ್ ಸೇರಿರುವ ಔಷಧಿಗಳ ಗುಂಪು) ಕೊಟ್ಟಾಗ ದಿನ ತುಂಬದೆ ಹುಟ್ಟಿದ ಮರಿಗಳು, ಬದುಕಲು ಸಾಧ್ಯವೇ ಇಲ್ಲದಷ್ಟು ಎಳೆಯವಾಗಿದ್ದರೂ, ಉಸಿರಾಡುತ್ತಿದ್ದವು. ಇದು ಅವರ ಕಣ್ಣಿಗೆ ಬಿತ್ತು. ಆಮೇಲೆ ಮಕ್ಕಳ ವೈದ್ಯ ರಾಸ್ ಹೋವಿ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷಿಸಿದರು. 1972ರಲ್ಲಿ ಫಲಿತಾಂಶ ಬಂತು. ಮಕ್ಕಳ ಉಸಿರಾಟದ ತೊಂದರೆ ಕಡಿಮೆಯಾಗಿತ್ತು. ಆಮೇಲೆ ಬೇರೆ ಬೇರೆ ಕಡೆ ಟ್ರಯಲ್‌ಗಳು ನಡೆದವು. ಎಲ್ಲವನ್ನೂ ಕೂಡಿಸಿ ನೋಡಿದಾಗ ಲಾಭ ಎದ್ದು ಕಂಡಿತು. ವೈದ್ಯಕೀಯ ಪುರಾವೆಗಳನ್ನು ಒಟ್ಟು ಮಾಡುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಇದೇ ಟ್ರಯಲ್‌ಗಳವು.

ಆದರೆ ಆ ಟ್ರಯಲ್‌ಗಳು ನಡೆದದ್ದು ಎಲ್ಲಿ? ಹೆಚ್ಚಿನವು ದೊಡ್ಡ ಆಸ್ಪತ್ರೆಗಳಲ್ಲಿ. ಹುಟ್ಟಿದ ಮಗುವನ್ನು ಎತ್ತಿಕೊಂಡು ಹೋಗಲು ಪಕ್ಕದಲ್ಲೇ ಮಕ್ಕಳ ವಾರ್ಡ್ ಇರುವ ಕಡೆ. ಹಾಗಾದರೆ ಆ ವಾರ್ಡ್ ಇಲ್ಲದ ಕಡೆ, ಅಂದರೆ ಪಿಎಚ್‌ಸಿಯಲ್ಲಿ, ಸಬ್‌ಸೆಂಟರ್‌ನಲ್ಲಿ, ಮನೆ ಹೆರಿಗೆಯಲ್ಲಿ ಇದು ಕೆಲಸ ಮಾಡುತ್ತದಾ? ಇದನ್ನು ಕೇಳಿದ್ದೇ ನೀನು ಓದಿದ ಆ ಟ್ರಯಲ್. ಅದರ ಹೆಸರು ಆಕ್ಟ್. ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ ಮತ್ತು ಭಾರತ, ಒಟ್ಟು ಆರು ದೇಶಗಳು. ಭಾರತದಲ್ಲಿ ಬೆಳಗಾವಿ ಮತ್ತು ನಾಗ್ಪುರ. ಇಂಜೆಕ್ಷನ್ ಯಾರಿಗೆ, ಯಾರಿಗಿಲ್ಲ ಎಂದು ತೀರ್ಮಾನಿಸಲು ಒಬ್ಬೊಬ್ಬ ತಾಯಿಗೆ ಚೀಟಿ ಎತ್ತಲಿಲ್ಲ. ಊರುಗಳ ಗುಂಪಿಗೆ ಚೀಟಿ ಎತ್ತಿದರು. ಕೆಲವು ಗುಂಪಿನ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ, ಇಂಜೆಕ್ಷನ್ ಕಿಟ್, ಹೊಟ್ಟೆ ಅಳೆಯಲು ಬಣ್ಣದ ಟೇಪು. ಉಳಿದ ಕಡೆ ಎಂದಿನಂತೆ. ಎರಡೂ ಕಡೆ ಸೇರಿ ಸುಮಾರು ಒಂದು ಲಕ್ಷ ಹೆರಿಗೆ.

ಫಲಿತಾಂಶ 2014ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತೀರಾ ಸಣ್ಣ ಮಕ್ಕಳಲ್ಲಿ ಸಾವು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ, ಎಂದಿನಂತೆ ನಡೆದ ಊರುಗಳಲ್ಲಿ ಸಾವಿರ ಮಕ್ಕಳಿಗೆ 23.9 ಸಾವು, ಇಂಜೆಕ್ಷನ್ ಕಾರ್ಯಕ್ರಮ ನಡೆದ ಊರುಗಳಲ್ಲಿ 27.4. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಜಾಸ್ತಿ.

ಇದನ್ನು ಮೊದಲ ಸಲ ಓದಿದಾಗ ನಾನೂ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಲವತ್ತು ವರ್ಷ ಜೀವ ಉಳಿಸಿದ ಔಷಧಿ. ಊರಿಗೆ ತಂದಾಗ ಕೈಕೊಟ್ಟಿತು.

ಕ್ಲಾಸಿಗೆ ಹೊತ್ತಾಯಿತು. ಮುಂದಿನದು ಸಂಜೆ.


ನಿವೃತ್ತ ಎಎನ್‌ಎಂ
ಮಂಗಳವಾರ, ಮಧ್ಯಾಹ್ನ 2:10

ಮೇಷ್ಟ್ರೇ, ಯಾಕೆ ಕೈಕೊಟ್ಟಿತು ಎಂದು ನನ್ನ ಅನುಭವದಿಂದ ಸ್ವಲ್ಪ ಹೇಳುತ್ತೇನೆ. ನಾನು ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ ಆಗಿದ್ದವಳು. ಆ ಟ್ರಯಲ್‌ನಲ್ಲಿ ಇರಲಿಲ್ಲ, ನನ್ನ ಸಬ್‌ಸೆಂಟರ್ ಬೇರೆ ಜಿಲ್ಲೆಯಲ್ಲಿತ್ತು. ಆದರೆ ಕೆಲಸ ಒಂದೇ.

ಬಸುರಿ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಕಡೇ ಸಲ ಹೊರಗಾಗಿದ್ದು ಯಾವಾಗ?" ತಾರೀಕು ಹೇಳುವವರು ಕಡಿಮೆ. "ಉಗಾದಿ ಆದಮ್ಯಾಗ." "ಎಲ್ಲಮ್ಮನ ಜಾತ್ರಿಗೆ ಹೋಗಿ ಬಂದಿದ್ವಿ, ಅದರ ಮುಂದಿನ ವಾರ ಇರಬೇಕು." "ದೊಡ್ಡದಕ್ಕ ಇನ್ನೂ ಹಾಲ ಕುಡಸ್ತಿದ್ದೆ, ಮುಟ್ಟ ಬಂದೇ ಇಲ್ಲ." ನಾನು ಕ್ಯಾಲೆಂಡರ್ ತೆಗೆದು, ಹುಣ್ಣಿಮೆ ಅಮಾವಾಸ್ಯೆ ನೋಡಿ, ಹಿಂದೆ ಎಣಿಸಿ ಒಂದು ತಾರೀಕು ಬರೆಯುತ್ತಿದ್ದೆ. ಆ ತಾರೀಕು ಮೂರು ವಾರ ಆಚೆ ಈಚೆ ಆದರೂ ಆಶ್ಚರ್ಯ ಇಲ್ಲ. ಹೊಟ್ಟೆ ಮುಟ್ಟಿ ನೋಡಿದರೆ, ತಾಯಿಗೆ ರಕ್ತ ಕಡಿಮೆ ಇದ್ದು ಮಗು ಸಣ್ಣದಿದ್ದರೆ, ಎಂಟೂವರೆ ತಿಂಗಳಿನದು ಏಳು ತಿಂಗಳಿನ ಹಾಗೆ ಕಾಣುತ್ತದೆ.

ಹೀಗಿರುವಾಗ "34 ವಾರದೊಳಗಿದ್ದರೆ ಇಂಜೆಕ್ಷನ್ ಕೊಡಿ" ಎಂದರೆ ನಾನು ಯಾರಿಗೆ ಕೊಡುತ್ತೇನೆ? ಅನುಮಾನ ಇದ್ದವರಿಗೆಲ್ಲ ಕೊಡುತ್ತೇನೆ. ಅದರಲ್ಲಿ ದಿನ ತುಂಬಿದವರೂ ಇರುತ್ತಾರೆ. ಅವರ ಮಗುವಿಗೆ ಅದು ಬೇಕಿರಲಿಲ್ಲ.


ಮೈಸೂರು ಮೇಷ್ಟ್ರು
ಮಂಗಳವಾರ, ಸಂಜೆ 7:15

ಅಮ್ಮ, ನೀವು ಹೇಳಿದ್ದು ವಿಷಯದ ಬೇರಿಗೇ ಹೋಯಿತು. ಆಕ್ಟ್ ಟ್ರಯಲ್‌ನಲ್ಲೂ ಇಂಜೆಕ್ಷನ್ ಪಡೆದ ಹೆಚ್ಚಿನ ತಾಯಂದಿರಿಗೆ ಹುಟ್ಟಿದ್ದು ಅಷ್ಟು ಸಣ್ಣ ಮಕ್ಕಳಲ್ಲ. ಇನ್ನೊಂದು ಕಡೆ, ತೀರಾ ಸಣ್ಣ ಮಕ್ಕಳನ್ನು ಹೆತ್ತ ತಾಯಂದಿರಲ್ಲಿ ಇಂಜೆಕ್ಷನ್ ಸಿಕ್ಕಿದ್ದು 45 ಪರ್ಸೆಂಟ್‌ಗೆ ಮಾತ್ರ. ಬೇಕಾದ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಗಲಿಲ್ಲ, ಬೇಡದವರಿಗೆ ಸಿಕ್ಕಿತು.

ದಿನನಿತ್ಯದ ನಿಜವಾದ ಪರಿಸ್ಥಿತಿಯಲ್ಲೇ ನೋಡುವ ಇಂಥ ಟ್ರಯಲ್‌ಗೆ ಪ್ರಾಗ್ಮ್ಯಾಟಿಕ್ ಟ್ರಯಲ್ ಅನ್ನುತ್ತಾರೆ. ಈ ಮಾತನ್ನು 1967ರಲ್ಲಿ ಮುಂದಿಟ್ಟವರು ಫ್ರಾನ್ಸಿನ ಡೇನಿಯಲ್ ಶ್ವಾರ್ಟ್ಸ್ ಮತ್ತು ಜೋಸೆಫ್ ಲೆಲೂಷ್. ಅವರ ಉದಾಹರಣೆ ನನಗೆ ಬಹಳ ಇಷ್ಟ. ಕ್ಯಾನ್ಸರ್‌ಗೆ ರೇಡಿಯೇಶನ್ ಕೊಡುವ ಮೊದಲು ಕೆಲವು ವಾರ ಒಂದು ಔಷಧಿ ಕೊಟ್ಟರೆ ರೇಡಿಯೇಶನ್ ಚೆನ್ನಾಗಿ ನಾಟುತ್ತದೆ ಅಂದುಕೊಳ್ಳಿ. ಔಷಧಿ ಪಡೆಯದ ಗುಂಪಿಗೆ ರೇಡಿಯೇಶನ್ ಯಾವಾಗ ಶುರು ಮಾಡಬೇಕು? ಔಷಧಿಯ ಗುಣ ಮಾತ್ರ ತಿಳಿಯಬೇಕಾದರೆ, ಅವರನ್ನೂ ಅಷ್ಟೇ ವಾರ ಕಾಯಿಸಬೇಕು. ಆಗ ಔಷಧಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಮ. ಆದರೆ ನಿಜವಾದ ಆಸ್ಪತ್ರೆಯಲ್ಲಿ ಯಾರೂ ಸುಮ್ನೆ ಕಾಯಿಸುವುದಿಲ್ಲ, ತಕ್ಷಣ ಶುರು ಮಾಡುತ್ತಾರೆ. ಹಾಗಾಗಿ ಡಾಕ್ಟರ್ ಯಾವ ದಾರಿ ಹಿಡಿಯಬೇಕು ಎಂದು ತಿಳಿಯಬೇಕಾದರೆ, ತಕ್ಷಣ ಶುರು ಮಾಡಿದವರ ಜೊತೆಗೇ ಹೋಲಿಸಬೇಕು. ಮೊದಲನೆಯದು ಔಷಧಿಯನ್ನು ಕೇಳುವ ಪ್ರಶ್ನೆ. ಎರಡನೆಯದು ದಾರಿಯನ್ನು ಕೇಳುವ ಪ್ರಶ್ನೆ.

ಆಕ್ಟ್ ಕೇಳಿದ್ದು ಎರಡನೆಯದನ್ನು. ತರಬೇತಿ, ಟೇಪು, ಕಿಟ್, ತಾರೀಕು ಗೊತ್ತಿಲ್ಲದ ಬಸುರಿ, ದೂರದ ಆಸ್ಪತ್ರೆ, ಎಲ್ಲ ಸೇರಿ ಒಂದು ದಾರಿ. ಆ ದಾರಿ ಸರಿ ಇರಲಿಲ್ಲ.

ತಂಗಿ, ಈಗ ನಿನ್ನ ವೈನಿಯ ವಿಷಯ. ಆಕ್ಟ್ ಆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಷರತ್ತು ಹಾಕಿತು. ಎಷ್ಟು ವಾರ ಎಂದು ಸರಿಯಾಗಿ ಗೊತ್ತಿರಬೇಕು. ತಾಯಿಗೆ ಸೋಂಕಿನ ಲಕ್ಷಣ ಇರಬಾರದು. ಹೆರಿಗೆಗೆ ಒಳ್ಳೆಯ ವ್ಯವಸ್ಥೆ ಇರಬೇಕು, ಹುಟ್ಟಿದ ಮಗುವಿಗೆ ಬಿಸುಪು, ಹಾಲು, ಆಕ್ಸಿಜನ್ ಕೊಡುವ ವ್ಯವಸ್ಥೆ ಇರಬೇಕು. ಆಮೇಲೆ ಆ ಷರತ್ತಿನ ಒಳಗೇ ಇನ್ನೊಂದು ಟ್ರಯಲ್ ಮಾಡಿದರು, ಆ್ಯಕ್ಷನ್ ಅಂತ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೀನ್ಯಾ, ನೈಜೀರಿಯಾದ 29 ಆಸ್ಪತ್ರೆ, 2852 ತಾಯಂದಿರು. ವಾರದ ಲೆಕ್ಕಕ್ಕೆ ಸ್ಕ್ಯಾನ್. ಇಂಜೆಕ್ಷನ್ ಪಡೆದವರ ಮಕ್ಕಳಲ್ಲಿ 28 ದಿನದೊಳಗಿನ ಸಾವು 19.6 ಪರ್ಸೆಂಟ್, ಬರೀ ನೀರಿನ ಇಂಜೆಕ್ಷನ್ ಪಡೆದವರಲ್ಲಿ 23.5. ಲಾಭ ಎಷ್ಟು ಸ್ಪಷ್ಟ ಇತ್ತೆಂದರೆ ಟ್ರಯಲ್ ಅನ್ನು ಅರ್ಧದಲ್ಲೇ ನಿಲ್ಲಿಸಿದರು. ತಾಯಂದಿರ ಸೋಂಕೂ ಜಾಸ್ತಿ ಆಗಲಿಲ್ಲ.

ನಿನ್ನ ವೈನಿಗೆ ಮೂರನೇ ತಿಂಗಳ ಸ್ಕ್ಯಾನ್ ಇದೆ, ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ. ಅವರು ನಿಂತಿರುವುದು ಎರಡನೇ ಟ್ರಯಲ್‌ನ ಜಾಗದಲ್ಲಿ. ಅಣ್ಣನಿಗೆ ಧೈರ್ಯವಾಗಿ ಹೇಳು.


ಬೈಲಹೊಂಗಲ ತಂಗಿ
ಮಂಗಳವಾರ, ರಾತ್ರಿ 8:02

ಸರ್, ಓದುತ್ತಾ ಕಣ್ಣೀರು ಬಂತು. ಅಣ್ಣನಿಗೆ ಈಗಷ್ಟೇ ಓದಿ ಹೇಳಿದೆ. ಅವ್ವ ನಿಮಗೆಲ್ಲ ಕೈ ಮುಗಿದಿದ್ದಾರೆ.


ಡೇಟಾ ಎಂಜಿನಿಯರ್, ಬೆಂಗಳೂರು
ಮಂಗಳವಾರ, ರಾತ್ರಿ 11:30

ಒಳ್ಳೆಯ ಚರ್ಚೆ. ತಂಗಿಯ ಮನೆಯವರಿಗೆ ಒಳ್ಳೆಯದಾಗಲಿ. ನನ್ನದೊಂದು ಪ್ರಶ್ನೆ ಇದೆ ಮೇಷ್ಟ್ರೇ. ನಾನು ಆಸ್ಪತ್ರೆಗಳ ದಾಖಲೆಗಳ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತೇನೆ. ಈಗ ಲಕ್ಷಾಂತರ ಹೆರಿಗೆಗಳ ದಾಖಲೆ ಕಂಪ್ಯೂಟರ್‌ನಲ್ಲೇ ಇದೆ. ಯಾವ ತಾಯಿಗೆ ಇಂಜೆಕ್ಷನ್ ಆಗಿತ್ತು, ಮಗು ಏನಾಯಿತು, ಎಲ್ಲ ಇದೆ. ಇದನ್ನೇ ರಿಯಲ್ ವರ್ಲ್ಡ್ ಎವಿಡೆನ್ಸ್ ಎಂದು ಎಲ್ಲರೂ ಹೇಳುತ್ತಿದ್ದಾರೆ. ಹಾಗಿದ್ದ ಮೇಲೆ ಚೀಟಿ ಎತ್ತಿ, ಅರ್ಧ ಜನರಿಗೆ ನೀರಿನ ಇಂಜೆಕ್ಷನ್ ಕೊಟ್ಟು, ವರ್ಷಗಟ್ಟಲೆ ಕಾಯುವುದು ಯಾಕೆ? ದಾಖಲೆ ತೆಗೆದು ಹೋಲಿಸಿದರೆ ಒಂದು ವಾರದಲ್ಲಿ ಉತ್ತರ ಸಿಗುತ್ತದಲ್ವಾ?


ಎನ್‌ಐಸಿಯು ಸಿಸ್ಟರ್, ಹುಬ್ಬಳ್ಳಿ
ಬುಧವಾರ, ಬೆಳಿಗ್ಗೆ 5:50

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ಇದಕ್ಕೆ ನಮ್ಮ ವಾರ್ಡ್‌ನಿಂದಲೇ ಉತ್ತರ ಇದೆ ಅಣ್ಣ.

ನಾಲ್ಕು ಡೋಸ್ ಪೂರ್ತಿ ಆಗಬೇಕಾದರೆ ಒಂದೂವರೆ ದಿನ ಬೇಕು. ನಿನ್ನೆ ರಾತ್ರಿ ಒಬ್ಬರು ಬಂದರು. ಬಂದ ನಲವತ್ತು ನಿಮಿಷಕ್ಕೆ ಹೆರಿಗೆ. ಇಂಜೆಕ್ಷನ್ ಕೊಡಲು ಪುರುಸೊತ್ತೇ ಸಿಗಲಿಲ್ಲ. ಅದರ ಪಕ್ಕದ ಬೆಡ್‌ನವರು ಐದು ದಿನದಿಂದ ಇದ್ದಾರೆ, ಡೋಸ್ ಎಲ್ಲ ಆಗಿದೆ. ದಾಖಲೆಯಲ್ಲಿ ಒಬ್ಬರು "ಇಂಜೆಕ್ಷನ್ ಆಗಿಲ್ಲ", ಇನ್ನೊಬ್ಬರು "ಆಗಿದೆ". ಎರಡನೆಯವರ ಮಗು ಚೆನ್ನಾಗಿದ್ದರೆ ಅದು ಇಂಜೆಕ್ಷನ್‌ನಿಂದಲೋ, ಹೊಟ್ಟೆಯಲ್ಲಿ ಐದು ದಿನ ಹೆಚ್ಚಿಗೆ ಇದ್ದದ್ದರಿಂದಲೋ, ಇಲ್ಲಾ ಆ ತಾಯಿಯ ತೊಂದರೆಯೇ ಕಡಿಮೆ ಇತ್ತೋ? ನಿಮ್ಮ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?


ಮೈಸೂರು ಮೇಷ್ಟ್ರು
ಬುಧವಾರ, ಬೆಳಿಗ್ಗೆ 6:45

ಸಿಸ್ಟರ್, ಇದನ್ನು ನಾಳೆ ಹಾಗೇ ಕ್ಲಾಸಿನಲ್ಲಿ ಹೇಳುತ್ತೇನೆ.

ಎಂಜಿನಿಯರ್ ಅವರೇ, ಚೀಟಿ ಎತ್ತುವುದು ಇದಕ್ಕೇ. ಬೇಗ ಹೆರುವವರು, ತಡವಾಗಿ ಹೆರುವವರು, ಬಡವರು, ಅನುಕೂಲಸ್ಥರು ಎರಡೂ ಗುಂಪಿಗೆ ಸಮನಾಗಿ ಹಂಚಿ ಹೋಗುತ್ತಾರೆ. ನಮಗೆ ಗೊತ್ತೇ ಇಲ್ಲದ ವ್ಯತ್ಯಾಸಗಳೂ ಹಂಚಿ ಹೋಗುತ್ತವೆ. ದಾಖಲೆಯಲ್ಲಿ ಇಲ್ಲದ್ದನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಪಡಿಸಲಾರದು.

ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಮಾತ್ರೆ ಕೊಟ್ಟರೆ ಹೃದಯಕ್ಕೆ ಒಳ್ಳೆಯದು ಎಂದು ಅಮೆರಿಕದಲ್ಲಿ ವರ್ಷಾನುಗಟ್ಟಲೆ ನಂಬಿದ್ದರು. ದೊಡ್ಡ ದೊಡ್ಡ ದಾಖಲೆ ಅಧ್ಯಯನಗಳು ಹಾಗೇ ಹೇಳಿದ್ದವು. ಕೊನೆಗೆ 16,608 ಹೆಂಗಸರಲ್ಲಿ ಚೀಟಿ ಎತ್ತಿ ನೋಡಿದರು. 2002ರಲ್ಲಿ ಆ ಟ್ರಯಲ್ ಅನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮಾತ್ರೆ ತಿಂದವರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಹೆಚ್ಚಿತ್ತು. ಮೊದಲಿನ ಅಧ್ಯಯನಗಳಲ್ಲಿ ಮಾತ್ರೆ ತಿನ್ನುತ್ತಿದ್ದವರು ಮೊದಲೇ ಆರೋಗ್ಯದ ಕಾಳಜಿ ಇದ್ದವರು, ಅನುಕೂಲಸ್ಥರು. ವ್ಯತ್ಯಾಸಕ್ಕೆ ಅದು ಒಂದು ದೊಡ್ಡ ಕಾರಣ.

ದಾಖಲೆ ಬೇಡ ಎಂದು ನಾನು ಹೇಳುತ್ತಿಲ್ಲ. ಲಸಿಕೆಯಿಂದ ಲಕ್ಷಕ್ಕೊಬ್ಬರಿಗೆ ಬರುವ ಅಡ್ಡಪರಿಣಾಮ ಗೊತ್ತಾಗುವುದು ದಾಖಲೆಯಿಂದಲೇ. ಅಷ್ಟು ದೊಡ್ಡ ಟ್ರಯಲ್ ಯಾರೂ ಮಾಡಲಾರರು. ನನಗೆ ತುಂಬಾ ಹಿಡಿಸಿದ್ದು ಸ್ವೀಡನ್‌ನವರು ಎರಡನ್ನೂ ಸೇರಿಸಿದ ರೀತಿ. ಅಲ್ಲಿ ಹೃದಯಾಘಾತದ ರೋಗಿಗಳ ವಿವರವೆಲ್ಲ ಮೊದಲಿಂದಲೂ ಒಂದು ರಾಷ್ಟ್ರೀಯ ದಾಖಲೆಗೆ ಹೋಗುತ್ತದೆ. ರಕ್ತನಾಳದ ಹೆಪ್ಪನ್ನು ಹೀರಿ ತೆಗೆದರೆ ಲಾಭವೇ ಎಂಬ ಪ್ರಶ್ನೆ ಬಂದಾಗ ಆ ದಾಖಲೆಯ ಒಳಗೇ ಚೀಟಿ ಎತ್ತಿದರು. 7244 ರೋಗಿಗಳು. ಫಾಲೋಅಪ್‌ಗೆ ಬೇರೆ ಫಾರಂ ಇಲ್ಲ, ಇದ್ದ ದಾಖಲೆಯೇ ಸಾಕು. 2013ರಲ್ಲಿ ಉತ್ತರ ಬಂತು. 30 ದಿನದಲ್ಲಿ ಸಾವು ಹೀರಿದವರಲ್ಲಿ 2.8 ಪರ್ಸೆಂಟ್, ಹೀರದವರಲ್ಲಿ 3.0. ವ್ಯತ್ಯಾಸ ಇಲ್ಲ ಎನ್ನಬಹುದು. ಒಂದು ಸಣ್ಣ ಟ್ರಯಲ್ ನೋಡಿ ಎಲ್ಲರೂ ಮಾಡುತ್ತಿದ್ದ ಕೆಲಸ ಅದು.


ಲೀಡ್ಸ್ ಕನ್ನಡತಿ
ಬುಧವಾರ, ಸಂಜೆ 4:20

ಡೆಕ್ಸಾಮೆಥಾಸೋನ್ ಹೆಸರು ನೋಡಿ ನಿಂತೆ. ನಾನು ಇಂಗ್ಲೆಂಡಿನಲ್ಲಿ ನರ್ಸ್. 2020ರಲ್ಲಿ ಕೋವಿಡ್ ವಾರ್ಡ್‌ನಲ್ಲಿದ್ದೆ. ಅದೇ ಔಷಧಿಯ ಇನ್ನೊಂದು ಕಥೆ ನಾನು ಕಣ್ಣಾರೆ ನೋಡಿದ್ದೇನೆ.

ಮಾರ್ಚ್ ತಿಂಗಳು. ಯಾವ ಔಷಧಿ ಕೊಡಬೇಕು ಎಂದು ಯಾರಿಗೂ ಗೊತ್ತಿಲ್ಲ. ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ತಂಡ ರಿಕವರಿ ಎಂಬ ಟ್ರಯಲ್ ಶುರು ಮಾಡಿತು. ಮೊದಲ ರೋಗಿ ಸೇರಿದ್ದು ಮಾರ್ಚ್ 19ರಂದು. ಸಾಮಾನ್ಯ ಆಸ್ಪತ್ರೆಗಳ ಸಾಮಾನ್ಯ ವಾರ್ಡ್‌ಗಳೇ ಟ್ರಯಲ್‌ನ ಜಾಗ. ನಾವು ಮಾಸ್ಕ್ ಒಳಗಿಂದಲೇ ಜೋರಾಗಿ ಮಾತಾಡಿ ರೋಗಿಗೆ ವಿಷಯ ಹೇಳುತ್ತಿದ್ದೆವು. ಅವರು ಒಪ್ಪಿದರೆ ಲ್ಯಾಪ್‌ಟಾಪ್‌ನಲ್ಲಿ ಕೆಲವು ವಿವರ ತುಂಬುವುದು. ಯಾವ ಗುಂಪು ಎಂದು ಪರದೆಯ ಮೇಲೆ ಬರುತ್ತಿತ್ತು. ಆಮೇಲೆ ಡಿಸ್ಚಾರ್ಜ್ ಆದಾಗ ಅಥವಾ ತೀರಿಕೊಂಡಾಗ ಇನ್ನೊಂದು ಸಣ್ಣ ಫಾರಂ. ಬೇರೆ ರಕ್ತ ಪರೀಕ್ಷೆ ಇಲ್ಲ, ಬೇರೆ ಭೇಟಿ ಇಲ್ಲ. ಕೈಯಲ್ಲಿ ಪುರುಸೊತ್ತಿಲ್ಲದ ನಮ್ಮಂಥವರೂ ಮಾಡಬಹುದಾದಷ್ಟು ಸರಳ.

ಜೂನ್ 16ರಂದು ಫಲಿತಾಂಶ ಹೇಳಿದರು. ಮೂರು ತಿಂಗಳೂ ತುಂಬಿರಲಿಲ್ಲ. ಆಮೇಲೆ ಬಂದ ಅಂತಿಮ ಲೆಕ್ಕದಲ್ಲಿ, ವೆಂಟಿಲೇಟರ್‌ನಲ್ಲಿದ್ದವರಲ್ಲಿ ಸಾವು 41.4 ಪರ್ಸೆಂಟ್‌ನಿಂದ 29.3ಕ್ಕೆ ಇಳಿದಿತ್ತು. ಆಕ್ಸಿಜನ್ ಮೇಲಿದ್ದವರಲ್ಲಿ 26.2ರಿಂದ 23.3ಕ್ಕೆ. ದಿನಕ್ಕೆ 6 ಎಂಜಿ, ಹತ್ತು ದಿನ, ಎಲ್ಲ ಕಡೆ ಸಿಗುವ ಅಗ್ಗದ ಔಷಧಿ. ಫಲಿತಾಂಶ ಹೇಳಿದ ದಿನ ಶಿಫ್ಟ್ ಬದಲಾಗುವಾಗ ನಮ್ಮ ಹಿರಿಯ ಸಿಸ್ಟರ್ ಅದನ್ನು ಓದಿ ಹೇಳಿದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಒಂದು ಸಾಲು ಮಾತ್ರ ಎಲ್ಲರೂ ನೆನಪಿಡಬೇಕಿತ್ತು. ಆಕ್ಸಿಜನ್ ಬೇಡದ ರೋಗಿಗಳಲ್ಲಿ ಇದರಿಂದ ಲಾಭ ಕಾಣಲಿಲ್ಲ. ಔಷಧಿ ಪಡೆದವರಲ್ಲಿ 17.8, ಪಡೆಯದವರಲ್ಲಿ 14.0. ಅಂಕಿ ಉಲ್ಟಾ ಕಡೆಗೇ ವಾಲಿತ್ತು.


ದಾವಣಗೆರೆಯವನು
ಬುಧವಾರ, ರಾತ್ರಿ 9:10

ಲೀಡ್ಸ್ ಅಕ್ಕ, ನಿಮ್ಮ ಕೊನೆಯ ಸಾಲು ಓದಿ ಎದೆ ಭಾರವಾಯಿತು.

2021ರ ಎರಡನೇ ಅಲೆಯಲ್ಲಿ ನಮ್ಮ ಸೋದರಮಾವನಿಗೆ ಜ್ವರ ಬಂತು. ಶುಗರ್ ಇದ್ದವರು. ಉಸಿರಾಟ ಚೆನ್ನಾಗಿತ್ತು, ಆಕ್ಸಿಜನ್ 97. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಚೀಟಿ ಹಿಡಿದುಕೊಂಡು ಎರಡನೇ ದಿನದಿಂದಲೇ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರು. ಅಂಗಡಿಯವರು ಏನೂ ಕೇಳದೆ ಕೊಟ್ಟರು. ಶುಗರ್ 400 ದಾಟಿತು. ಕೋವಿಡ್ ವಾಸಿಯಾಯಿತು. ಎರಡು ವಾರಕ್ಕೆ ಮುಖ ಊದಿತು, ಬ್ಲ್ಯಾಕ್ ಫಂಗಸ್ ಎಂದರು. ಒಂದು ಕಣ್ಣು ತೆಗೆಯಬೇಕಾಯಿತು. ಈಗ ಹೊಲಕ್ಕೆ ಹೋಗುತ್ತಾರೆ, ಆದರೆ ಗಾಡಿ ಓಡಿಸುವುದಿಲ್ಲ.

ಆ ಫಲಿತಾಂಶ 2020ರಲ್ಲೇ ಬಂದಿತ್ತಲ್ವಾ? ಆಕ್ಸಿಜನ್ ಬೇಕಾದವರಿಗೆ ಮಾತ್ರ ಎಂದು. ನಮ್ಮ ಊರಿಗೆ ಬರುವಾಗ ಔಷಧಿಯ ಹೆಸರು ಮಾತ್ರ ಬಂತು. ಯಾರಿಗೆ ಎನ್ನುವ ಮಾತು ಹಿಂದೆ ಉಳಿಯಿತು.


ನಿವೃತ್ತ ಎಎನ್‌ಎಂ
ಬುಧವಾರ, ರಾತ್ರಿ 9:30

ಮಗಾ, ಮಾವನಿಗೆ ಆರೋಗ್ಯ ಚೆನ್ನಾಗಿರಲಿ. ನಮ್ಮ ಇಂಜೆಕ್ಷನ್‌ಗೆ ಆದದ್ದೂ ಇದೇ ನೋಡು.


ಮೈಸೂರು ಮೇಷ್ಟ್ರು
ಬುಧವಾರ, ರಾತ್ರಿ 10:05

ಎಂಜಿನಿಯರ್ ಅವರಿಗೆ ಅದೇ 2020ರ ಇನ್ನೊಂದು ಸಂಗತಿ. ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಒಂದು ಲೇಖನ ಬಂತು. 671 ಆಸ್ಪತ್ರೆ, 96,032 ಕೋವಿಡ್ ರೋಗಿಗಳ ದಾಖಲೆ ನೋಡಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿ ಕೊಟ್ಟರೆ ಸಾವು ಹೆಚ್ಚು ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನಲ್ಲಿ ಆ ಔಷಧಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಮೇಲೆ ಆ ದಾಖಲೆ ತೋರಿಸಿ ಎಂದರೆ, ಅದನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ತೋರಿಸಲಿಲ್ಲ. ಜೂನ್ 4ರಂದು ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. ಮರುದಿನವೇ ರಿಕವರಿ ತಂಡ ಅದೇ ಔಷಧಿಯ ಬಗ್ಗೆ ಟ್ರಯಲ್‌ನ ಉತ್ತರ ಹೇಳಿತು. ಆಮೇಲೆ ಬಂದ ಅಂತಿಮ ಲೆಕ್ಕದಲ್ಲಿ, ಪಡೆದ 1561 ಜನರಲ್ಲಿ 27.0 ಪರ್ಸೆಂಟ್ ಸಾವು, ಪಡೆಯದ 3155 ಜನರಲ್ಲಿ 25.0. ಲಾಭ ಇಲ್ಲ. ರೋಗಿಗಳ ಸಂಖ್ಯೆ ದಾಖಲೆ ಅಧ್ಯಯನಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ಉತ್ತರ ಇವತ್ತಿಗೂ ನಿಂತಿದೆ.

ನಮ್ಮ ದೇಶದವರೂ ಆಗ ಒಳ್ಳೆಯ ಕೆಲಸ ಮಾಡಿದರು. ಪ್ಲಾಸ್ಮಾಗಾಗಿ, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆದ ದ್ರವಕ್ಕಾಗಿ, ಜನ ರಾತ್ರಿ ಹಗಲು ಓಡಾಡಿದ್ದು ನೆನಪಿದೆಯಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದೇ ಗದ್ದಲದ ನಡುವೆ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಟ್ರಯಲ್ ನಡೆಸಿತು. ಪ್ಲಾಸ್ಮಾ ಪಡೆದವರಲ್ಲಿ 19 ಪರ್ಸೆಂಟ್ ಜನರ ಕಾಯಿಲೆ ಬಿಗಡಾಯಿಸಿತು ಅಥವಾ ತೀರಿಕೊಂಡರು. ಪಡೆಯದವರಲ್ಲಿ 18. ಇದು 2020ರಲ್ಲೇ ಗೊತ್ತಾಯಿತು. ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾ ಹೋಗಿದ್ದು 2021ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಎರಡನೇ ಅಲೆ ಬಂದಿತ್ತು. ಜನ ಮತ್ತೆ ಪ್ಲಾಸ್ಮಾ ಹುಡುಕಿಕೊಂಡು ಅಲೆದರು. ಈ ತಡ ನನಗೆ ಇವತ್ತಿಗೂ ನೋವು ಕೊಡುತ್ತದೆ.


ಶಿವಮೊಗ್ಗ ವಕೀಲ
ಗುರುವಾರ, ಬೆಳಿಗ್ಗೆ 8:40

ಎಲ್ಲ ಓದಿದೆ. ಆದರೆ ನನ್ನ ಆಕ್ಷೇಪಣೆ ಹೇಳಲೇಬೇಕು. ಆಕ್ಟ್‌ನಲ್ಲಿ ಚೀಟಿ ಎತ್ತಿದ್ದು ಊರಿಗೆ. ಊರು ಆಯ್ಕೆಯಾದ ಮೇಲೆ ಅಲ್ಲಿನ ಹೆಂಗಸಿಗೆ ಬೇಡ ಎನ್ನುವ ಹಕ್ಕು ಎಲ್ಲಿದೆ? ಹಳ್ಳಿಯ ಬಡ ಬಸುರಿಯರೇ ಯಾಕೆ? ಸಾವಿರಕ್ಕೆ 3.5 ಹೆಚ್ಚು ಎಂದು ಅಂಕಿ ಬರೆಯುವುದು ಸುಲಭ. ಅವು ಯಾರದೋ ಮನೆಯ ಮಕ್ಕಳು.


ಮೈಸೂರು ಮೇಷ್ಟ್ರು
ಗುರುವಾರ, ಸಂಜೆ 6:50

ವಕೀಲರೇ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಅವು ಮಕ್ಕಳೇ. ಊರಿಗೆ ಚೀಟಿ ಎತ್ತುವ ಟ್ರಯಲ್‌ಗಳಲ್ಲಿ ಒಪ್ಪಿಗೆಯ ಪ್ರಶ್ನೆ ಕಷ್ಟದ್ದು. ಅದಕ್ಕೆಂದೇ 2012ರಲ್ಲಿ ಒಟ್ಟಾವಾ ಹೇಳಿಕೆ ಎಂಬ ನೀತಿ ಸೂತ್ರ ಬಂತು. ನಮ್ಮಲ್ಲೂ 2009ರಿಂದ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಹೊಸ ಔಷಧಿ ಟ್ರಯಲ್‌ಗಳಿಗೆ 2019ರ ನಿಯಮಗಳಲ್ಲಿ ಪರಿಹಾರದ ವ್ಯವಸ್ಥೆಯೂ ಇದೆ.

ಆದರೆ ಇನ್ನೊಂದು ಬದಿಯನ್ನೂ ನೋಡಿ. 2014ರಲ್ಲೇ, ಆಕ್ಟ್‌ನ ಫಲಿತಾಂಶ ಬರುವ ಕೆಲವೇ ತಿಂಗಳ ಮೊದಲು, ನಮ್ಮ ಕೇಂದ್ರ ಸರ್ಕಾರ ಎಎನ್‌ಎಂಗಳೂ ಈ ಇಂಜೆಕ್ಷನ್‌ನ ಮೊದಲ ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸಬಹುದು ಎಂದು ಮಾರ್ಗಸೂಚಿ ತಂದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆಕ್ಟ್ ನಡೆಯದೇ ಇದ್ದಿದ್ದರೆ, ಸ್ಕ್ಯಾನ್ ಇಲ್ಲದ ಕಡೆ ಏನಾಗುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ, ಸಾವಿರಕ್ಕೆ ಮೂರೂವರೆ ಹೆಚ್ಚು ಸಾವು ಯಾವ ಡಾಕ್ಟರ ಕಣ್ಣಿಗೂ ಬೀಳುವುದಿಲ್ಲ. ಹಳ್ಳಿಯ ಬಸುರಿಗೆ ಯಾವುದು ಸರಿ ಎಂದು ಆಕ್ಲೆಂಡ್‌ನ ಆಸ್ಪತ್ರೆಯಲ್ಲಿ ನೋಡಿ ಹೇಳಲಾಗುವುದಿಲ್ಲ. ಹಳ್ಳಿಯಲ್ಲೇ ಕೇಳಬೇಕು, ಅವಳ ಒಪ್ಪಿಗೆ ಪಡೆದು ಕೇಳಬೇಕು. ಇದು ನನ್ನ ನಂಬಿಕೆ.


ನಿವೃತ್ತ ಎಎನ್‌ಎಂ
ಗುರುವಾರ, ರಾತ್ರಿ 8:15

ವಕೀಲರಿಗೆ ಬೆಳಗಾವಿಯದೇ ಇನ್ನೊಂದು ಕೆಲಸ ಹೇಳಬೇಕು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಟ್ರಯಲ್ ಆಯಿತು. ನಡೆಸಿದವರು ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಮತ್ತು ಅಮೆರಿಕದವರು. ಕೈಯಾರೆ ಮಾಡಿದ್ದು ನಮ್ಮಂಥ ಎಎನ್‌ಎಂಗಳು, ಮನೆಯಲ್ಲಿ ಮತ್ತು ಸಬ್‌ಸೆಂಟರ್‌ನಲ್ಲಿ ಹೆರಿಗೆ ಮಾಡಿಸುತ್ತಾ. ಹೆರಿಗೆ ಆದ ಕೂಡಲೇ ಮಿಸೋಪ್ರೊಸ್ಟಾಲ್ ಮಾತ್ರೆ ನುಂಗಿಸುವುದು, ರಕ್ತಸ್ರಾವ ತಡೆಯಲು. ಫ್ರಿಜ್ ಬೇಡ, ಸಿರಿಂಜ್ ಬೇಡ. 1620 ಬಾಣಂತಿಯರು. ಹೆಚ್ಚು ರಕ್ತ ಹೋಗುವುದು 12.0 ಪರ್ಸೆಂಟ್‌ನಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಈ ಕೆಲಸಕ್ಕೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನನಗೆ ಮಾತ್ರೆಗಿಂತ ಮನಸ್ಸಿಗೆ ಹತ್ತಿದ್ದು ಆ ಟ್ರಯಲ್‌ನಲ್ಲಿ ಬಳಸಿದ ಒಂದು ಪ್ಲಾಸ್ಟಿಕ್ ಹಾಳೆ. ಅದಕ್ಕೆ ಮೊದಲು ನಾವು ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುತ್ತಿದ್ದೆವು. "ಎರಡು ಬಟ್ಟೆ ನೆನೆಯಿತು, ಪರವಾಗಿಲ್ಲ" ಎಂದುಕೊಂಡು ಕೈ ತೊಳೆಯುವಷ್ಟರಲ್ಲಿ ಬಾಣಂತಿ ಬಿಳಿಚಿಕೊಂಡು ಕೈಕಾಲು ತಣ್ಣಗಾದದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಆಕೆ ಉಳಿದಳು, ದೇವರ ದಯೆ. ಆ ಟ್ರಯಲ್‌ನಲ್ಲಿ ಬಾಣಂತಿಯ ಕೆಳಗೆ ಹಾಸಲು ಒಂದು ಹಾಳೆ ಇತ್ತು. ಅದರ ತುದಿಯಲ್ಲಿ ಕೊಳವೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆ. ರಕ್ತ ಎಷ್ಟು ಎಂದು ಓದಿ ಹೇಳಬಹುದು. ಅಂದಾಜಿನ ಮಾತೇ ಇಲ್ಲ.


ಎನ್‌ಐಸಿಯು ಸಿಸ್ಟರ್, ಹುಬ್ಬಳ್ಳಿ
ಗುರುವಾರ, ರಾತ್ರಿ 8:40

ಅಮ್ಮ, ಅಂಥದೇ ಗೆರೆ ಇರುವ ಹಾಳೆ ಈಗ ಆಫ್ರಿಕಾದಲ್ಲೂ ಜೀವ ಉಳಿಸುತ್ತಿದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಎಂಬ ಟ್ರಯಲ್ ಆಯಿತು. ಹಾಳೆಯಲ್ಲಿ ಅಳತೆ ನೋಡಿ, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರು ಮಾಡುವುದು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಆಪರೇಶನ್ ಅಥವಾ ಸಾವು, ಇವೆಲ್ಲ ಸೇರಿ ಎಂದಿನಂತೆ ನಡೆದ ಕಡೆ 4.3 ಪರ್ಸೆಂಟ್, ಈ ಕ್ರಮ ನಡೆದ ಕಡೆ 1.6. 2023ರಲ್ಲಿ ಬಂದದ್ದು. ಅದರಲ್ಲಿ ಹೊಸ ಔಷಧಿ ಒಂದೂ ಇಲ್ಲ.


ಶಿವಮೊಗ್ಗ ವಕೀಲ
ಗುರುವಾರ, ರಾತ್ರಿ 9:25

ಅಮ್ಮ, ಸಿಸ್ಟರ್, ಇದು ನನಗೆ ಗೊತ್ತಿರಲಿಲ್ಲ. ಒಪ್ಪಿಗೆಯ ಬಗ್ಗೆ ನನ್ನ ಮಾತು ಹಾಗೇ ಇರಲಿ. ಹಳ್ಳಿಗಳೇ ಯಾಕೆ ಎಂದು ಕೇಳಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.


ಡೇಟಾ ಎಂಜಿನಿಯರ್, ಬೆಂಗಳೂರು
ಗುರುವಾರ, ರಾತ್ರಿ 11:55

ಇವತ್ತು ಆಫೀಸಿನಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಹೆರಿಗೆ ದಾಖಲೆಗೆ "ಎಷ್ಟು ವಾರ" ಎಂಬ ಒಂದೇ ಜಾಗ ಇದೆ. ಅದು ಸ್ಕ್ಯಾನ್‌ನಿಂದ ಬಂದದ್ದೋ, ಮುಟ್ಟಿನ ತಾರೀಕಿನಿಂದಲೋ, ಅಂದಾಜೋ ಎಂದು ಎಲ್ಲೂ ಬರೆಯುವುದಿಲ್ಲ. ಎಎನ್‌ಎಂ ಅಮ್ಮ ಹೇಳಿದ್ದು ತಲೆಯಲ್ಲೇ ಇತ್ತು. ಆ ಜಾಗ ಸೇರಿಸಲು ಕೇಳಿದ್ದೇನೆ. ಇಂಜೆಕ್ಷನ್‌ನ ದಿನ ಮಾತ್ರ ಅಲ್ಲದೆ ಗಂಟೆಯೂ ಇರಲಿ ಎಂದಿದ್ದೇನೆ. ಸಿಸ್ಟರ್, ಇನ್ನೇನು ಬೇಕು ಹೇಳಿ.


ಎನ್‌ಐಸಿಯು ಸಿಸ್ಟರ್, ಹುಬ್ಬಳ್ಳಿ
ಶುಕ್ರವಾರ, ಬೆಳಿಗ್ಗೆ 6:05

ಆಸ್ಪತ್ರೆಗೆ ಬಂದ ಸಮಯ ಬೇಕು. ಹೆರಿಗೆಯ ಸಮಯದ ಪಕ್ಕದಲ್ಲೇ ಇರಲಿ. ಮತ್ತೆ ತಾಯಿಗೆ ಜ್ವರ ಇತ್ತಾ ಎಂದು. ಫಾರಂ ಉದ್ದ ಮಾಡಬೇಡಿ ಅಣ್ಣ, ನಮಗೆ ಬರೆಯಲು ಪುರುಸೊತ್ತು ಇರುವುದಿಲ್ಲ.


ಬೈಲಹೊಂಗಲ ತಂಗಿ
ಮೂರು ವಾರದ ನಂತರ, ಭಾನುವಾರ, ಮಧ್ಯಾಹ್ನ 1:15

ಎಲ್ಲರಿಗೂ ನಮಸ್ಕಾರ. ವೈನಿಗೆ ಶುಕ್ರವಾರ ಬೆಳಗಿನ ಜಾವ ಹೆರಿಗೆ ಆಯಿತು. ಹೆಣ್ಣು ಮಗು. 34 ವಾರ 2 ದಿನ, ಒಂದು ಕೆಜಿ 900 ಗ್ರಾಂ. ಹುಟ್ಟಿದ ಕೂಡಲೇ ಅತ್ತಿತು. ಒಂದು ದಿನ ಆಕ್ಸಿಜನ್ ಹಾಕಿದ್ದರು, ಈಗ ತೆಗೆದಿದ್ದಾರೆ. ವೈನಿ ಸೀರೆಯ ಒಳಗೆ ಎದೆಗೆ ಒತ್ತಿಕೊಂಡು ಮಲಗಿಸಿಕೊಂಡಿದ್ದಾರೆ, ಕಾಂಗರೂ ಹಾಗೆ. ರಾತ್ರಿ ಅಣ್ಣನ ಸರದಿ. ಅಂಗಿ ಬಿಚ್ಚಿ ಕೂರಲು ನಾಚಿಕೊಂಡಿದ್ದ, ಈಗ ಮಗುವನ್ನು ಯಾರಿಗೂ ಕೊಡುವುದಿಲ್ಲ.

ಎಎನ್‌ಎಂ ಅಮ್ಮ, ಒಂದು ಮಾತು. ನಮ್ಮ ಓಣಿಯಲ್ಲಿ ಇನ್ನೂ ಇಬ್ಬರು ಬಸುರಿಯರು ಇದ್ದಾರೆ, ಎರಡೂವರೆ ತಿಂಗಳು. ಇಬ್ಬರಿಗೂ ಸ್ಕ್ಯಾನ್ ಆಗಿಲ್ಲ. ಆಶಾ ಅಕ್ಕನ ಜೊತೆ ಮಾತಾಡಿದ್ದೇನೆ, ಬುಧವಾರ ಕರೆದುಕೊಂಡು ಹೋಗುತ್ತೇವೆ.


ನಿವೃತ್ತ ಎಎನ್‌ಎಂ
ಭಾನುವಾರ, ಮಧ್ಯಾಹ್ನ 1:32

ಚಲೋ ಆತು ಮಗಳ. ಕೂಸಿನ ತಲೆಗೆ ಟೊಪ್ಪಿಗೆ, ಕಾಲಿಗೆ ಸಾಕ್ಸ್ ಹಾಕಿರಿ. ಆ ಇಬ್ಬರ ತಾಯಿ ಕಾರ್ಡ್‌ನಲ್ಲಿ ಸ್ಕ್ಯಾನ್ ತಾರೀಕನ್ನು ದೊಡ್ಡದಾಗಿ ಬರೆಸು.